ಪೆನ್ನಾ ನದಿಯ ಬೆನ್ನು ಹಿಡಿದ ಉಡುಸಲಮ್ಮ

ಬೆಳಗಿನ ಐದೂಕಾಲು. ಹಿಂದೂಪುರದ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲರು ಇನ್ನೂ ಕಾಣಿಸಿಕೊಂಡಿಲ್ಲ. ಕಡಲೆಕಾಯಿ ತುಂಬಿದ ಎರಡು ಲಾರಿಗಳು ಗೇಟಿನ ಹೊರಗೆ ನಿಂತಿವೆ, ಡ್ರೈವರುಗಳು ಒಳಗೇ ಮುಸುಕು ಹಾಕಿ ಮಲಗಿದ್ದಾರೆ. ಗೋದಾಮಿನ ಹಿಂದೆ ತಗಡಿನ ಮಾಡಿನ ಕೆಳಗೆ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರಡಿಯಲ್ಲಿ ಹರಿದ ಗೋಣಿಚೀಲಗಳ ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತ ಹೆಂಗಸೊಬ್ಬರು ಚೀಲವೊಂದನ್ನು ಒಳಗೆ ಕೈಹಾಕಿ ಮಗುಚುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಇಲಿ ಕಡಿದ ತೂತಿಗೆ ಇನ್ನೊಂದು ಚೀಲದ ತುಂಡಿಟ್ಟು ದಬ್ಬಳ ಚುಚ್ಚುತ್ತಾರೆ. ಸೆಣಬಿನ ದಾರ ಸರ್ ಎಂದು ಎಳೆಯುವ ಸದ್ದು. ಹತ್ತು ಹೊಲಿಗೆ, ಒಂದು ಗಂಟು, ಹಲ್ಲಿನಲ್ಲಿ ಕಚ್ಚಿ ದಾರ ತುಂಡು. ಚೀಲ ಎಡಕ್ಕೆ ಬೀಳುತ್ತದೆ. ಬಲಗೈ ಆಗಲೇ ಮುಂದಿನದನ್ನು ಎಳೆದಿರುತ್ತದೆ.

ಇವರು ಉಡುಸಲಮ್ಮ, ವಯಸ್ಸು ಅರವತ್ತೆಂಟು. ದಿನಕ್ಕೆ ನೂರರಿಂದ ನೂರಾಹತ್ತು ಚೀಲ ಹೊಲಿಯುತ್ತಾರೆ. ನಲವತ್ತೇಳು ವರ್ಷಗಳಿಂದ ಇದೇ ಮಾಡು, ಇದೇ ಕೆಲಸ. ಬಲಗೈಯ ಹೆಬ್ಬೆರಳು ತೋರುಬೆರಳುಗಳ ತುದಿ ಎತ್ತಿನ ಗೊರಸಿನಂತೆ ಗಟ್ಟಿಯಾಗಿದೆ.

ಇದಿಷ್ಟೇ ಆಗಿದ್ದರೆ ನಾನು ಗೌರಿಬಿದನೂರಿನಿಂದ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿರಲಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಈ ಊರಿನ ಪಕ್ಕದಲ್ಲೇ ಹಾದು, ಅನಂತಪುರ, ಕಡಪ, ನೆಲ್ಲೂರು ಸೀಮೆಗಳನ್ನು ದಾಟಿ ಬಂಗಾಳ ಕೊಲ್ಲಿ ಸೇರುವ ಪೆನ್ನಾ ನದಿಯ ಜೊತೆಗೆ, ಅದರ ಹುಟ್ಟಿನಿಂದ ಕೊನೆಯವರೆಗೆ, ಈ ಹೆಂಗಸು ಒಬ್ಬರೇ ನಡೆದಿದ್ದಾರೆ. ಹೆಚ್ಚುಕಮ್ಮಿ ಆರುನೂರು ಕಿಲೋಮೀಟರು. ಶುರು ಮಾಡಿದಾಗ ಅವರಿಗೆ ಅರವತ್ತೆರಡು ವರ್ಷ.

ಈ ಸುದ್ದಿ ಮಾರುಕಟ್ಟೆಯ ಗೇಟು ದಾಟಿ ಹೊರಗೆ ಬಂದಿಲ್ಲ. ನನಗೆ ಹೇಳಿದ್ದು ಗೋದಾಮಿನ ಮೇಸ್ತ್ರಿ ರುದ್ರಮುನಿ, ಅದೂ ಬೇರೇನೋ ಮಾತಾಡುತ್ತಾ. "ನಮ್ಮ ಉಡುಸಲಮ್ಮ ಡಿಸೆಂಬರ್ ಆಖೈರಿಗೆ ಕೆಲಸ ನಿಲ್ಲಿಸಿ ಎದ್ದು ಹೋಗ್ಬುಡ್ತಾಳೆ ಸಾರ್. ಎಲ್ಲಿಗೆ ಅಂತ ನಾವು ಕೇಳಲ್ಲ, ಪೆನ್ನಾ ಹಿಂದೆ ಅಂತ ಇಲ್ಲಿ ಎಲ್ರಿಗೂ ಗೊತ್ತು. ಜನವರಿ ಆಖೈರಿಗೆ ಕರ್ರಗೆ ಸುಟ್ಕೊಂಡು ಬತ್ತಾಳೆ. ಬಂದ ದಿನಾನೇ ನೂರು ಚೀಲ ಹೊಲೀತಾಳೆ."

ಜನವರಿಯೇ ಯಾಕೆಂದರೆ, ಕಡಲೆಕಾಯಿ ಸುಗ್ಗಿ ಮುಗಿದು ಹುಣಸೆಹಣ್ಣು ಬರುವ ತನಕ ಯಾರ್ಡಿನಲ್ಲಿ ಚೀಲದ ಕೆಲಸ ಇರುವುದಿಲ್ಲ. ಸುಮಾರು ಇಪ್ಪತ್ತೈದು ದಿನ. ಉಡುಸಲಮ್ಮನ ಇಡೀ ವರ್ಷದಲ್ಲಿ ಅವರದ್ದೇ ಆದ ದಿನಗಳು ಅವಷ್ಟೇ.

"ಕೂತ್ಕೊಳ್ಳಿ ಸ್ವಾಮಿ, ಆ ಕಟ್ಟಿನ ಮ್ಯಾಲೆ ಕೂತ್ಕೊಳ್ಳಿ, ಮೆತ್ತಗೈತೆ," ಎಂದು ಜಾಗ ತೋರಿಸುತ್ತಾರೆ. ಕೈ ನಿಲ್ಲುವುದಿಲ್ಲ. "ನನ್ನ ಬಗ್ಗೆ ಬರೆಯಾಕೆ ಏನೈತೆ? ನಡೆದೆ. ಎಲ್ರೂ ನಡೀತಾರೆ."

ಉಡುಸಲಮ್ಮ ಹುಟ್ಟಿದ್ದು ಕುಂದುರ್ಪಿ ಕಡೆಯ ಹಳ್ಳಿಯಲ್ಲಿ, ಹೊಲವೂ ಕುರಿಯೂ ಇದ್ದ ಮನೆಯಲ್ಲಿ. ಒಂಬತ್ತನೇ ವಯಸ್ಸಿನಲ್ಲಿ ಒಂದು ಘಟನೆ ನಡೆಯಿತು. ಬೇಸಿಗೆಗೆ ಮುಂಚೆ ಅವರಪ್ಪ ಗಂಗುಲಪ್ಪ ಕುರಿ ಹೊಡೆದುಕೊಂಡು ನೀರಿರುವ ಸೀಮೆಗೆ ಹೋಗುತ್ತಿದ್ದರು. ಆ ವರ್ಷ ಜೊತೆಗೆ ಹೋಗಬೇಕಿದ್ದ ಅಣ್ಣನಿಗೆ ಜ್ವರ ಬಂತು. ಬೇರೆ ಯಾರೂ ಇಲ್ಲದೆ ಮಗಳನ್ನು ಕರೆದುಕೊಂಡು ಹೊರಟರು. ಆರು ವಾರ ನಡಿಗೆ. ತುಂಗಭದ್ರೆಯ ಕಾಲುವೆಯ ದಡಕ್ಕೆ ಮುಟ್ಟಿದಾಗ ಹುಡುಗಿ ಜೀವಮಾನದಲ್ಲಿ ಮೊದಲ ಸಲ ಹರಿಯುವ ನೀರನ್ನು ಅಷ್ಟು ಅಗಲಕ್ಕೆ ನೋಡಿದಳು.

"ಅಪ್ಪಾ, ಇದು ಎಲ್ಲಿಗೆ ಹೋಯ್ತದೆ ಅಂದೆ. ಸಮುದ್ರಕ್ಕೆ ಅಂದ. ನೀನು ನೋಡಿದ್ದೀಯಾ ಅಂದೆ. ಇಲ್ಲ ಅಂದ. ತಾತ ನೋಡಿದ್ನಾ ಅಂದೆ. ಅವ್ನೂ ಇಲ್ಲ ಅಂದ. ನಂಗೆ ಆಶ್ಚರ್ಯ ಆಗೋಯ್ತು. ಇಷ್ಟು ದಿನದಿಂದ ನಡೀತಾವ್ರೆ, ಒಬ್ರೂ ಕೊನೆ ಮುಟ್ಟೇ ಇಲ್ವಲ್ಲ!"

ಹತ್ತೊಂಬತ್ತಕ್ಕೆ ಮದುವೆಯಾಗಿ ಹಿಂದೂಪುರಕ್ಕೆ ಬಂದರು. ಗಂಡ ನಾರಪ್ಪ ಇದೇ ಯಾರ್ಡಿನಲ್ಲಿ ಹಮಾಲಿ. ಎರಡು ವರ್ಷಕ್ಕೆ ಉಡುಸಲಮ್ಮನೂ ಅಲ್ಲೇ ಚೀಲ ಹೊಲಿಯಲು ಕೂತರು. ಓದು ಬರಹ ಇರಲಿಲ್ಲ. ಅಕ್ಷರ ಕಲಿಸಿದ್ದು ಚೀಲಗಳೇ. ಚೀಲದ ಮೇಲೆ ಬಣ್ಣದಲ್ಲಿ ಒತ್ತಿದ ಊರಿನ ಹೆಸರುಗಳನ್ನು ಗುಮಾಸ್ತರ ಹತ್ತಿರ ಓದಿಸಿಕೊಂಡು, ಆ ಗುರುತಿನ ಮೇಲೆ ಬೆರಳಾಡಿಸಿ ಕಲಿತರು. ಗುಂಟೂರು, ಸೋಲಾಪುರ, ನಾಗಪುರ, ಕಲ್ಕತ್ತಾ.

"ಚೀಲ ಆ ಊರಿಗೆಲ್ಲಾ ಹೋಗಿ ಬಂದೈತೆ. ಅದುನ್ನ ಹೊಲಿಯೋ ನಾನು ಹೋಗಿಲ್ಲ. ಹೊಟ್ಟೆ ಉರಿಯಲ್ವಾ ಸ್ವಾಮಿ?"

ಇಪ್ಪತ್ಮೂರನೇ ವಯಸ್ಸಿನಲ್ಲಿ ಆ ಹೊಟ್ಟೆಯುರಿಗೆ ದಾರಿ ಸಿಕ್ಕಿತು. ಹುಣಸೆಹಣ್ಣಿನ ಲಾರಿಯೊಂದು ಬಳ್ಳಾರಿಯ ಆಚೆ ಹಳ್ಳಕ್ಕೆ ವಾಲಿ ಚೀಲಗಳು ಒಡೆದವು. ಅಲ್ಲೇ ಹೊಲಿದು ತುಂಬಿಕೊಡಲಿ ಎಂದು ಮಂಡಿಯವರು ಮೂವರು ಹೆಂಗಸರನ್ನು ಕಳಿಸಿದರು. ಸಂಜೆಗೆ ಕೆಲಸ ಮುಗಿಯಿತು. ಇಬ್ಬರು ಬಸ್ಸಿಗೆ ವಾಪಸ್ಸಾದರು. ಉಡುಸಲಮ್ಮ ಅದೇ ಲಾರಿ ಹತ್ತಿ, ಹುಣಸೆ ಚೀಲದ ಮೇಲೆ ಕೂತು ಸೋಲಾಪುರಕ್ಕೆ ಹೊರಟುಬಿಟ್ಟರು.

"ಯಾಕಮ್ಮಾ?" ಎಂದೆ.

ನನ್ನ ಪ್ರಶ್ನೆ ಅವರಿಗೆ ಅರ್ಥವಾದಂತೆ ಕಾಣಲಿಲ್ಲ. "ಲಾರಿ ಹೋಗ್ತಿತ್ತಲ್ಲ," ಎಂದರು.

ನಾಲ್ಕು ದಿನ ಬಿಟ್ಟು ಮರಳಿದಾಗ ಮನೆಯ ಮುಂದೆ ಬೀದಿಯ ಜನ ಸೇರಿದ್ದರು. ಅತ್ತೆ ಒಳಗೆ ಬಿಡಬೇಡ ಎಂದು ಹಟ ಹಿಡಿದಿದ್ದರು. ನಾರಪ್ಪ ಎಲ್ಲರನ್ನೂ ದಾಟಿ ಬಂದು ಹೆಂಡತಿಯ ಕೈಯಿಂದ ಗಂಟು ತೆಗೆದುಕೊಂಡರು. "ಉಂಡಿದ್ದೀಯಾ?" ಎಂದು ಕೇಳಿದರು. ಆಮೇಲೆ, "ಸೋಲಾಪುರ ಹೆಂಗೈತೆ?"

ಈಗ ಎಪ್ಪತ್ನಾಲ್ಕು ವರ್ಷದ ನಾರಪ್ಪ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ನನಗೆ ಇದನ್ನು ಹೇಳುತ್ತಾರೆ. ಅವರು ಪಕ್ಕದ ಗೋರಂಟ್ಲದಿಂದ ಆಚೆಗೆ ಹೋದವರಲ್ಲ. ಬಸ್ಸು ಹತ್ತಿದರೆ ತಲೆ ಸುತ್ತುತ್ತದೆ. "ಕೆಲವ್ರಿಗೆ ಕಾಲಿನ ಹುಚ್ಚು. ನಂಗೆ ಕೇಳೋ ಹುಚ್ಚು. ಅವ್ಳು ನೋಡ್ಕೊಂಡು ಬಂದು ಹೇಳ್ತಾಳೆ, ನಾನು ಕೂತ್ಕೊಂಡು ಕೇಳ್ತೀನಿ. ಇಬ್ರೂ ತಿರುಗಾಕ್ಕೆ ಹೋದ್ರೆ ಕೇಳೋರು ಯಾರು?"

ಅಲ್ಲಿಂದ ಮುಂದೆ ಬಿಡುವು ಸಿಕ್ಕಾಗಲೆಲ್ಲ ಪ್ರಯಾಣ. ಲಾರಿ, ಜನರಲ್ ಬೋಗಿ, ಎತ್ತಿನ ಗಾಡಿ. ನಲವತ್ತೊಂದರಲ್ಲಿ ಗೋಣಿ ನೇಯುವ ಗಿರಣಿ ನೋಡಬೇಕೆಂದು ಕಲ್ಕತ್ತಕ್ಕೆ ಹೋದರು. ಕಾವಲುಗಾರ ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಅರ್ಧ ದಿನ ನಿಂತು ಮಗ್ಗದ ಸದ್ದು ಕೇಳಿಸಿಕೊಂಡು ಬಂದರು. ಐವತ್ನಾಲ್ಕರಲ್ಲಿ ಗುಜರಾತಿನ ಕಚ್ಛ್. ಅಲ್ಲಿ ಭಾಷೆ ಗೊತ್ತಿಲ್ಲದ ಕುರಿಗಾಹಿಗಳ ಜೊತೆ ನಾಲ್ಕು ದಿನ ಬಯಲಿನಲ್ಲಿ ನಡೆದರು. ಅವರು ಸೇರಿಸಿಕೊಂಡದ್ದು, ಈಯಲಾಗದೆ ಒದ್ದಾಡುತ್ತಿದ್ದ ಒಂದು ಕುರಿಯ ಹೊಟ್ಟೆಗೆ ಉಡುಸಲಮ್ಮ ಕೈಹಾಕಿ ಮರಿಯನ್ನು ತಿರುಗಿಸಿ ಹೊರಗೆಳೆದದ್ದಕ್ಕೆ. "ಅಪ್ಪ ಕಲಿಸಿದ್ದು. ಕುರಿ ಎಲ್ಲಾ ಕಡೇನೂ ಒಂದೇ ಥರ ಈಯ್ತದೆ," ಎಂದು ಅದನ್ನು ಅಷ್ಟಕ್ಕೇ ಮುಗಿಸುತ್ತಾರೆ.

ಆದರೆ ಅಷ್ಟೆಲ್ಲ ಸುತ್ತಿದರೂ ಸಮುದ್ರ ನೋಡಿರಲಿಲ್ಲ. ರೈಲಿನಲ್ಲಿ ಹೋಗಿ ನೋಡಬಹುದಿತ್ತು. ಬೇಡವೆಂದು ಇಟ್ಟುಕೊಂಡಿದ್ದರು. "ನೀರು ಹೋದಂಗೆ ಹೋಗ್ಬೇಕು ಅಂತ ಆಸೆ. ಬಸ್ ಇಳಿದು ನೋಡಿದ್ರೆ ಅದು ನೋಡಿದಂಗಾ?"

ಅರವತ್ತೆರಡನೇ ವರ್ಷದ ಜನವರಿಯಲ್ಲಿ ಬಸ್ಸಿನಲ್ಲಿ ನಂದಿಬೆಟ್ಟದ ಕಡೆಗೆ ಹೋಗಿ, ಪೆನ್ನಾ ಹುಟ್ಟುತ್ತದೆಂದು ಜನ ತೋರಿಸಿದ ಕಲ್ಲುಗಳ ನಡುವಿನ ತೇವವನ್ನು ಮುಟ್ಟಿ ಕೆಳಗಿಳಿದರು. ಬೆನ್ನಿಗೆ ತಾವೇ ಹೊಲಿದ ಗೋಣಿಯ ಚೀಲ. ಅದರಲ್ಲಿ ಒಂದು ಸೀರೆ, ಒಂದು ಕಂಬಳಿ, ರಾಗಿ ಹುರಿಹಿಟ್ಟು, ಬೆಲ್ಲ, ಟಾರ್ಚು, ದಬ್ಬಳ, ಒಂದು ಉಂಡೆ ದಾರ. ಸಂಜೆ ಐದಕ್ಕೆ ಸಿಕ್ಕ ಹಳ್ಳಿಯಲ್ಲಿ ನಿಲ್ಲುವುದು, ಆರಕ್ಕೆ ಗಂಡನಿಗೆ ಫೋನು ಮಾಡುವುದು, ಬೆಳಕು ಹರಿಯುವ ಮುಂಚೆ ಹೊರಡುವುದು. ಉಳಿದುಕೊಂಡ ಮನೆಯಲ್ಲಿ ಹರಿದ ಚೀಲ, ಟಾರ್ಪಾಲು, ಏನಿದ್ದರೂ ಹೊಲಿದುಕೊಟ್ಟೇ ಮುಂದಕ್ಕೆ. "ಒಂದು ಮನೇಲೂ ಬಿಟ್ಟಿ ಉಂಡಿಲ್ಲ ಕಣಪ್ಪ."

ನದಿ ಎಂದರೆ ನೀರು ಎಂದುಕೊಂಡವರಿಗೆ ಈ ನಡಿಗೆ ಅರ್ಥವಾಗುವುದಿಲ್ಲ. ನಮ್ಮ ಕಡೆಯ ಪೆನ್ನಾ ವರ್ಷದ ಹೆಚ್ಚಿನ ದಿನ ಮರಳು, ಜಾಲಿಮುಳ್ಳು, ನಡುನಡುವೆ ಒಂದು ಮಡು. ಮರಳಿನಲ್ಲಿ ಒಂದು ಕಿಲೋಮೀಟರು ನಡೆಯುವುದು ರಸ್ತೆಯಲ್ಲಿ ಮೂರು ನಡೆದಂತೆ. ಹಳ್ಳಿಯ ನಾಯಿಗಳು ಅಟ್ಟಿಸಿಕೊಂಡು ಬಂದವು. ಕದ್ದು ಮರಳು ತುಂಬುವ ಟ್ರಾಕ್ಟರಿನವರು, ಪತ್ತೆಗೆ ಯಾರೋ ಕಳಿಸಿದ ಹೆಂಗಸು ಎಂದು ಅನುಮಾನಪಟ್ಟು ಒಂದು ಮಧ್ಯಾಹ್ನ ಪೂರ್ತಿ ಕೂರಿಸಿಕೊಂಡು ವಿಚಾರಿಸಿದರು. ಒಂದೂರಿನಲ್ಲಿ ಮಕ್ಕಳ ಕಳ್ಳಿ ಎಂದು ಕೂಗೆದ್ದಿತು. ಆ ಊರಿನ ಒಬ್ಬ ಅಜ್ಜಿ ಇವರ ಕೈ ಹಿಡಿದು ನೋಡಿ, "ಇದು ದುಡಿದ ಕೈ ಕಣ್ರೋ" ಎಂದು ಬಿಡಿಸಿದಳು.

ಮೊದಲ ವರ್ಷ ಪೇರೂರು ಅಣೆಕಟ್ಟೆಯವರೆಗೆ ಮುಟ್ಟಿ, ಅಲ್ಲಿಂದ ಜೀಪು ಹಿಡಿದು ಕಲ್ಯಾಣದುರ್ಗದಲ್ಲಿರುವ ಮಗಳ ಮನೆಗೆ ಹೋದರು. ಮುಂದಿನ ವರ್ಷ ಆ ಅಣೆಕಟ್ಟೆಯಿಂದ ತಾಡಪತ್ರಿಯವರೆಗೆ. ನಿಂತ ಕಡೆ ಮರಕ್ಕೋ ಕಲ್ಲಿಗೋ ಸೆಣಬಿನ ದಾರ ಸುತ್ತಿ ಬರುವುದು. ಮರುವರ್ಷ ಅದೇ ದಾರ ಹುಡುಕಿ, ಅಲ್ಲಿಂದಲೇ ಹೆಜ್ಜೆ. ಒಮ್ಮೆ ದಾರ ಕಟ್ಟಿದ್ದ ಜಾಲಿಮರವನ್ನೇ ಕಡಿದಿದ್ದರು. ಬೊಡ್ಡೆ ಸಿಗುವವರೆಗೆ ಅರ್ಧ ದಿನ ಹುಡುಕಿದರಂತೆ.

"ಹತ್ತು ಅಡಿ ಆಚೆ ಈಚೆ ಆದ್ರೆ ಏನಮ್ಮಾ? ಯಾರು ನೋಡ್ತಾರೆ?" ಎಂದೆ.

"ನಾನಿದ್ದೀನಲ್ಲ," ಎಂದರು.

ಕೊರೊನಾ ವರ್ಷ ಮನೆಯಲ್ಲೇ ಕಳೆಯಿತು. ಅರವತ್ತೈದರಲ್ಲಿ ಮತ್ತೆ ಹೊರಟರು. ಗಂಡಿಕೋಟದ ಹತ್ತಿರ ನದಿ ಎರಡು ಕಲ್ಲುಗೋಡೆಗಳ ನಡುವೆ ಇಳಿಯುತ್ತದೆ. ಕೆಳಗೆ ಮೈಲವರಂ ಅಣೆಕಟ್ಟೆಯ ಹಿನ್ನೀರು. ಅಲ್ಲಿ ನಡೆಯಲು ದಡವೇ ಇಲ್ಲ. ಮೀನುಗಾರ ಓಬುಳೇಶ್ ಎಂಬುವರು ತಮ್ಮ ಪುಟ್ಟಿಯನ್ನು ಬೋರಲು ಹಾಕಿಕೊಂಡು ಕೂತಿದ್ದರು. ಪುಟ್ಟಿ ಎಂದರೆ ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದ ದೋಣಿ, ನಮ್ಮ ಹರಿಗೋಲಿನ ಹಾಗೆ. ಅದರ ತಳ ಹರಿದಿತ್ತು.

"ಕರ್ಕೊಂಡು ಹೋಗಪ್ಪಾ ಅಂದೆ. ಮುದುಕೀನ ಕೂರಿಸ್ಕೊಳ್ಳಲ್ಲ ಅಂದ್ಬುಟ್ಟ. ಸರಿ, ಆ ಹರಿದಿರೋದನ್ನ ಇತ್ಲಾಗೆ ಕೊಡು ಅಂದೆ. ಎರಡು ಸುತ್ತು ಹೊಲಿಗೆ ಹಾಕಿದೆ. ನೋಡ್ದ. 'ಎಕ್ಕು ಅವ್ವಾ' ಅಂದ." ಹತ್ತವ್ವಾ ಎಂದದ್ದು.

ಕಣಿವೆಯೊಳಗೆ ಅರ್ಧ ದಾರಿ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ಎರಡು ಕಡೆಯ ಬಂಡೆಗೋಡೆಗಳ ನಡುವೆ ಗಾಳಿಗೆ ಬೇರೆ ದಾರಿ ಇಲ್ಲ. ಪುಟ್ಟಿ ಬುಗುರಿಯಂತೆ ತಿರುಗಿ, ನೀರೊಳಗಿನ ಬಂಡೆಗೆ ಬಡಿದು, ಬಿದಿರೊಂದು ಮುರಿದು ತಳವನ್ನು ಚುಚ್ಚಿತು. ಮೊಳದುದ್ದ ಹರಕು. ನೀರು ಒಳಗೆ ನುಗ್ಗಿತು. ಉಡುಸಲಮ್ಮನಿಗೆ ಈಜು ಬರುತ್ತಿರಲಿಲ್ಲ. ಕಂಬಳಿಯನ್ನು ಮುದ್ದೆ ಮಾಡಿ ತೂತಿಗೆ ತುರುಕಿ ಅದರ ಮೇಲೆ ಕೂತುಬಿಟ್ಟರು. ಓಬುಳೇಶ್ ಹುಟ್ಟು ಹಾಕುತ್ತಾ, "ಅವ್ವಾ, ಭಯಂ ಲೇದಾ ನೀಕು?" ಎಂದು ಕಿರುಚಿದರು. ಭಯ ಇಲ್ವಾ ನಿಂಗೆ ಎಂದು.

"ಐತೆ ಕಣೋ, ನೀನು ಹುಟ್ಟು ಹಾಕು ಅಂದೆ. ಸುಳ್ಳು ಯಾಕೆ ಹೇಳ್ಲಿ ಸ್ವಾಮಿ, ಕಥೆ ಮುಗೀತು ಅಂದ್ಕೊಂಡೆ. ನಾರಪ್ಪನ ನೆನೆಸ್ಕೊಂಡೆ. ಆದ್ರೂ ಕಣ್ಣು ಎತ್ತಿ ಆ ಗೋಡೆ ನೋಡ್ದೆ. ಕೆಂಪಗೆ, ಎಷ್ಟೆತ್ತರ ಅಂತೀರಾ! ಮ್ಯಾಲೆ ಒಂದು ಬೆರಳಗಲ ಆಕಾಶ. ಸತ್ರೂ ಇದನ್ನ ನೋಡಿ ಸಾಯ್ತೀನಲ್ಲ ಅಂತ ಅನ್ನಿಸ್ತು."

ಹೇಗೋ ಒಂದು ಕಲ್ಲಿನ ಚಾಚಿನ ಮೇಲೆ ಹತ್ತಿದರು. ತೇಲಿ ಬಂದು ಒಣಗಿದ್ದ ಪುಳ್ಳೆಗಳನ್ನು ಆರಿಸಿ, ಓಬುಳೇಶರ ಡಬ್ಬಿಯಲ್ಲಿದ್ದ ಡಾಂಬರನ್ನು ಕಾಯಿಸಿದರು. ಉಡುಸಲಮ್ಮ ಬೆನ್ನಿನ ಚೀಲವನ್ನೇ ಕತ್ತರಿಸಿ ತೇಪೆ ಇಟ್ಟು ಹೊಲಿದರು. ಮೂರು ಗಂಟೆಯ ಕೆಲಸ. ಸೂರ್ಯ ಇಳಿಯುವ ಹೊತ್ತಿಗೆ ಮೈಲವರಂ ಕಡೆಯ ದಡ ಮುಟ್ಟಿದರು. ಆದರೆ ಫೋನು ನೀರಿಗೆ ಬಿದ್ದು ಸತ್ತಿತ್ತು; ಬೇರೆಯವರ ಫೋನಿನಿಂದ ಮಾಡಲು ಗಂಡನ ನಂಬರು ಬಾಯಿಪಾಠವಿರಲಿಲ್ಲ.

ಆರು ಗಂಟೆಗೆ ಫೋನು ಬರಲಿಲ್ಲ. ಆರೂವರೆಗೆ ನಾರಪ್ಪ ಮಗಳಿಗೆ ಫೋನು ಮಾಡಿದರು.

ಮಗಳು ಪದ್ಮಲತಾ ಕಲ್ಯಾಣದುರ್ಗದಲ್ಲಿ ಆಶಾ ಕಾರ್ಯಕರ್ತೆ. ಅವರನ್ನು ನೋಡಲು ನಾನು ಹಿಂದೂಪುರದಿಂದ ಮೂರು ಗಂಟೆ ಬಸ್ಸಿನಲ್ಲಿ ಕೂತು ಹೋದೆ. ಬಾಣಂತಿಯೊಬ್ಬಳ ಮನೆಗೆ ಹೋಗಿ ಬಂದು, ಬ್ಯಾಗು ಇಳಿಸಿ, ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. ಆ ದಿನದ ಮಾತು ಬಂದಾಗ ಈಗಲೂ ಅವರ ದನಿ ಗಟ್ಟಿಯಾಗುತ್ತದೆ.

"ನಾನೂ ನನ್ನ ಯಜಮಾನ್ರು ಮುರಳೀನೂ ಬೈಕಲ್ಲಿ ಹೊರಟ್ವಿ. ಊರೂರಲ್ಲಿ ಫೋಟೋ ತೋರಿಸ್ಕೊಂಡು ಹೋದ್ವಿ. ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ. ಮೀನುಗಾರರ ಕೇರಿ ಹತ್ರ ಸೀರೆ ಒಗೆದು ಒಣಗಾಕ್ತಾವ್ಳೆ! ನನ್ನ ನೋಡಿ, 'ಏನಮ್ಮಾ ಇಷ್ಟು ದೂರ, ಉಂಡ್ಯಾ?' ಅಂತಾಳೆ. ನಾನು ದಾರೀಲೆಲ್ಲಾ ಹೆಣ ಹುಡುಕ್ಕೊಂಡು ಬಂದಿದ್ದೀನಿ ಸಾರ್. ಅಲ್ಲೇ ಕುಸಿದು ಕೂತು ಅತ್ತೆ."

ಅಳು ಮುಗಿದ ಮೇಲೆ ಮಗಳು ಆಣೆ ಹಾಕಿಸಿಕೊಂಡರು. ಇನ್ನು ಮುಂದೆ ಹೋಗಕೂಡದು. ಉಡುಸಲಮ್ಮ ಒಪ್ಪಿ ಮಗಳ ತಲೆ ಮುಟ್ಟಿದರು. ಹೊರಡುವ ಮುನ್ನ ದಡದ ಬೇವಿನ ಮರಕ್ಕೆ ದಾರ ಸುತ್ತುವುದನ್ನು ಮಾತ್ರ ಬಿಡಲಿಲ್ಲ. ಪದ್ಮಲತಾ ನೋಡಿಯೂ ನೋಡದಂತೆ ಇದ್ದರು.

ಮುಂದಿನ ಜನವರಿ ಉಡುಸಲಮ್ಮ ಎಲ್ಲಿಗೂ ಹೋಗಲಿಲ್ಲ. ಕೆಲಸವಿಲ್ಲದ ಯಾರ್ಡಿಗೆ ದಿನಾ ಬಂದು ಮಾಡಿನ ಕೆಳಗೆ ಸುಮ್ಮನೆ ಕೂರುತ್ತಿದ್ದರು ಎಂದು ಮೇಸ್ತ್ರಿ ರುದ್ರಮುನಿ ಹೇಳುತ್ತಾರೆ. ಫೆಬ್ರವರಿಯಲ್ಲಿ ಹುಣಸೆ ಶುರುವಾದ ಮೇಲೂ ದಿನಕ್ಕೆ ಅರವತ್ತು ಚೀಲ ದಾಟಲಿಲ್ಲ. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಆಣೆ ಹಾಕಿಸಿಕೊಂಡ ಮಗಳ ಬಗ್ಗೆ ಒಂದು ಮಾತು ಆಡಲಿಲ್ಲ. ಊಟ ಅರ್ಧವಾಯಿತು.

ಆ ಯುಗಾದಿಗೆ ಬಂದ ಮಗಳನ್ನು ನಾರಪ್ಪ ಹಿತ್ತಲಿಗೆ ಕರೆದರು. ಏನು ಹೇಳಿದರೆಂದು ಪದ್ಮಲತಾ ನನಗೆ ಒಪ್ಪಿಸಿದರು: "ಅವ್ಳು ಹೋದಾಗ ಇಪ್ಪತ್ತೈದು ದಿನ ನಂಗೆ ಹೆದರಿಕೆ ಕಣಮ್ಮಾ. ಈಗ ದಿನಾ ಹೆದರಿಕೆ. ಮನೇಲೇ ಅವ್ಳೆ, ಆದ್ರೆ ನಿಮ್ಮಮ್ಮ ಮನೇಲಿಲ್ಲ."

ಪದ್ಮಲತಾ ಎರಡು ತಿಂಗಳು ಯೋಚಿಸಿದರು. ತಾಯಿ ನೀರಿನಲ್ಲಿ ಮುಳುಗುವ ಕನಸು ಬೀಳುತ್ತಿತ್ತು. ಕೊನೆಗೆ ಒಂದು ಷರತ್ತಿನ ಮೇಲೆ ಆಣೆ ಬಿಟ್ಟುಕೊಟ್ಟರು. ಈಜು ಕಲಿಯಬೇಕು, ಅದಕ್ಕಾಗಿ ಕೂಲಿ ಬಿಟ್ಟು ಬಂದು ಮಗಳ ಮನೆಯಲ್ಲಿ ಉಳಿಯಬೇಕು.

ಕಲಿಸಿದವರು ಪೆದ್ದಕ್ಕ. ಕಲ್ಯಾಣದುರ್ಗದ ಹೊರಗೆ ಹೊಲ ಮಾಡಿಕೊಂಡಿರುವ ರೈತ ಹೆಂಗಸು, ಆಗ ಎಪ್ಪತ್ತೆರಡು. ಹುಡುಗಿಯಾಗಿದ್ದಾಗಿನಿಂದ ಬಾವಿಯಲ್ಲಿ ಈಜಿದವರು. ಆ ವರ್ಷ ಮಳೆ ಚೆನ್ನಾಗಿ ಬಂದು ಅವರ ಹೊಲದ ಮೆಟ್ಟಿಲು ಬಾವಿ ತುಂಬಿತ್ತು. ಬೆನ್ನಿಗೆ ಖಾಲಿ ಎಣ್ಣೆಕ್ಯಾನು ಕಟ್ಟಿ ಉಡುಸಲಮ್ಮನನ್ನು ಇಳಿಸಿದರು.

"ಮೊದ್ಲು ದಿನ ನನ್ನ ಜುಟ್ಟು ಹಿಡ್ಕೊಂಡು ಇಬ್ರನ್ನೂ ಮುಳುಗಿಸ್ಬುಟ್ಟಿದ್ಳು!" ಎಂದು ಪೆದ್ದಕ್ಕ ಬಾವಿಯ ಕಟ್ಟೆಯ ಮೇಲೆ ಕೂತು ನಗುತ್ತಾರೆ. "ಅಬ್ಬೋ, ಆ ಹಟ! ತುಟಿ ನೀಲಿ ತಿರುಗಿದ್ರೂ ಮ್ಯಾಲೆ ಬರಲ್ಲ. ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಕ್ಯಾನು ಬಿಚ್ಚಾಕಿ ಆ ಗೋಡೆಯಿಂದ ಈ ಗೋಡೆಗೆ ಬಂದ್ಳು. ಬಂದು ಕಲ್ಲು ಹಿಡ್ಕೊಂಡು, 'ಅಕ್ಕಾ, ಇನ್ನೊಂದ್ಸಲ' ಅಂತಾಳೆ."

ಮೆಟ್ಟಿಲ ಮೇಲೆ ನಿಂತಿದ್ದ ಪದ್ಮಲತಾ ಅಷ್ಟು ದಿನವೂ ಕಣ್ಣಿಗೆ ಸೆರಗು ಹಿಡಿದಿದ್ದರಂತೆ. ಆ ದಿನ ತೆಗೆದು ನೋಡಿದರು. "ನಂಗೆ ಅಮ್ಮನ ಹುಚ್ಚು ಇವತ್ತಿಗೂ ಅರ್ಥ ಆಗಿಲ್ಲ ಸಾರ್. ಸುಳ್ಳು ಹೇಳಲ್ಲ. ಆದ್ರೆ ಆ ಮುಖ ನೋಡ್ದೆ. ಅಂಥಾ ಮುಖ ನನ್ನ ಮದುವೇಲೂ ಅವ್ಳಿಗಿರ್ಲಿಲ್ಲ."

ಅರವತ್ತೇಳರಲ್ಲಿ, ಅಂದರೆ ಕಳೆದ ಜನವರಿಯಲ್ಲಿ, ಮೈಲವರಂ ದಡದ ಬೇವಿನ ಮರದಿಂದ ಉಡುಸಲಮ್ಮ ಮತ್ತೆ ಹೆಜ್ಜೆ ಇಟ್ಟರು. ಮಗಳು ಮೊದಲ ಅರ್ಧ ದಿನ ಜೊತೆಗೆ ನಡೆದು, ಕಾಲಿಗೆ ಬೊಕ್ಕೆ ಎದ್ದು, ಬೈದುಕೊಂಡು ವಾಪಸ್ಸಾದರು. ಪ್ರೊದ್ದಟೂರು, ಸಿದ್ಧವಟಂ, ಸೋಮಶಿಲ. ನಮ್ಮ ಕಡೆ ಮರಳಾಗಿದ್ದ ನದಿ ಅಲ್ಲಿ ನೀರಾಗುತ್ತಾ, ಅಗಲವಾಗುತ್ತಾ ಹೋಯಿತು. ಎರಡು ಕಡೆ ಭತ್ತದ ಗದ್ದೆ ಬಂತು. ನೆಲ್ಲೂರು ದಾಟಿದ ಮೇಲೆ ಗಾಳಿಯ ವಾಸನೆ ಬದಲಾಯಿತು. "ಏನು ವಾಸನೆ ಅಂತ ಗೊತ್ತಾಗ್ಲಿಲ್ಲ. ನಾಲಿಗೆ ಚಾಚಿ ನೋಡ್ದೆ. ಉಪ್ಪು!"

ಇಪ್ಪತ್ನಾಲ್ಕನೇ ದಿನ ಬೆಳಗ್ಗೆ ಎಂಟರ ಹೊತ್ತಿಗೆ ಒಂದು ಮರಳುದಿಬ್ಬ ಹತ್ತಿದರು. ಮುಂದೆ ದಡವಿರಲಿಲ್ಲ.

ಅಲ್ಲೇ ಕೂತರಂತೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಬಲೆ ಬಿಡಿಸುತ್ತಿದ್ದವನೊಬ್ಬ ಹತ್ತಿರ ಬಂದು, ಯಾರಾದರೂ ಸತ್ತಿದ್ದಾರಾ, ಅಸ್ಥಿ ಬಿಡಲು ಬಂದಿದ್ದೀಯಾ ಎಂದು ತೆಲುಗಿನಲ್ಲಿ ಕೇಳಿದ. ಇಲ್ಲ, ನೋಡಲು ಬಂದೆ ಎಂದರು. ಎಲ್ಲಿಂದ ಎಂದ. ಹಿಂದೂಪುರದಿಂದ, ನಡೆದುಕೊಂಡು ಎಂದರು. ಆತ ಚಪ್ಪಲಿ ಬಿಟ್ಟು ಕೈ ಮುಗಿದ. ಅದು ತಮಗೋ ಸಮುದ್ರಕ್ಕೋ ಉಡುಸಲಮ್ಮನಿಗೆ ಗೊತ್ತಾಗಲಿಲ್ಲ. ನಾರಪ್ಪನಿಗೆ ಫೋನು ಮಾಡಿ, ಅಲೆಯ ಕಡೆಗೆ ಫೋನು ಹಿಡಿದರು.

ಜಗಲಿಯ ಮೇಲೆ ನಾರಪ್ಪ ಇದನ್ನು ಹೇಳುವಾಗ ಅವರೆಕಾಯಿ ಸುಲಿಯುವ ಕೈ ನಿಂತಿತು. "ಮೊದ್ಲು ಲಾರಿ ಸದ್ದು ಅಂದ್ಕೊಂಡೆ. ಆಮ್ಯಾಲೆ ಗೊತ್ತಾಯ್ತು."

ಸಮುದ್ರ ಮುಟ್ಟಿದಾಗ ಏನನ್ನಿಸಿತು ಎಂದು ನಾನು ಉಡುಸಲಮ್ಮನನ್ನು ಕೇಳಿದೆ. ದೊಡ್ಡ ಮಾತೊಂದು ಬರುತ್ತದೆಂದು ಪೆನ್ನು ಹಿಡಿದು ಕಾದಿದ್ದೆ.

"ಅಯ್ಯೋ, ಇನ್ನು ನಡೆಯಾಕೆ ಜಾಗ ಇಲ್ವಲ್ಲ ಅನ್ನಿಸ್ತು."

ಬಿಸಿಲು ಮಾಡಿನೊಳಗೆ ಬಂದಿದೆ. ಹಮಾಲರು ಲಾರಿಯ ಹಿಂಬಾಗಿಲು ತೆಗೆಯುತ್ತಿದ್ದಾರೆ. ಅಷ್ಟರಲ್ಲಿ ಅರವತ್ತೆರಡು ಚೀಲ ಮುಗಿದಿವೆ. ಉಡುಸಲಮ್ಮ ಸೊಂಟದ ಚೀಲದಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಡುತ್ತಾರೆ. ಮಧ್ಯಪ್ರದೇಶದ ಲಾರಿ ಡ್ರೈವರೊಬ್ಬ ಬರೆದುಕೊಟ್ಟ ನಕ್ಷೆ. ಒಂದು ಉದ್ದ ಗೆರೆ, ಅದರ ಎರಡು ಕಡೆ ಊರುಗಳ ಹೆಸರು ಹಿಂದಿಯಲ್ಲಿ.

"ನರ್ಮದೆ ಅಂತ ಒಂದು ನದಿ ಐತಂತೆ. ಒಂದು ದಡದಾಗೆ ಹೋಗಿ ಇನ್ನೊಂದು ದಡದಾಗೆ ವಾಪಸ್ ಬರೋದಂತೆ, ಸುತ್ತು ಹಾಕೋದು. ಈ ಜನವರಿಗೆ ಹೋಯ್ತೀನಿ. ಟಿಕೆಟ್ ಆಗೈತೆ, ಮಗಳೇ ಮಾಡಿಸಿಕೊಟ್ಳು. ಪಾನಿ, ರಾಸ್ತಾ, ಖಾನಾ, ಮೂರು ಮಾತು ಕಲ್ತಿದ್ದೀನಿ."

ಆ ಸುತ್ತು ಮೂರು ಸಾವಿರ ಕಿಲೋಮೀಟರಿನ ಹತ್ತಿರ ಎಂದು ನಾನು ಎಲ್ಲೋ ಓದಿದ್ದೆ. ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಹೇಳಿದೆ.

"ಗೊತ್ತು," ಎಂದರು. ಬೆರಳು ಮಡಚಿದರು. "ರೈಲಿಗೆ ಹೋಗ್ತಾ ಬರ್ತಾ ನಾಲ್ಕು ದಿನ ಕಳೀರಿ. ವರ್ಷಕ್ಕೆ ಇಪ್ಪತ್ತೊಂದು ದಿನ ನಡಿಗೆ. ಹನ್ನೊಂದು ವರ್ಷ ಆಯ್ತದೆ. ನಂಗೀಗ ಅರವತ್ತೆಂಟು. ಎಪ್ಪತ್ತೊಂಬತ್ತಕ್ಕೆ ಮುಗೀತದೆ."

ಉಡುಸಲಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆ ತಪ್ಪದಂತೆ ಮಡಚಿ ಒಳಗಿಟ್ಟರು.

"ಆಮ್ಯಾಲೆ ಎಲ್ಲಿಗೆ ಅನ್ನೋದನ್ನ ಆಗ ನೋಡಾನ."